ಮಾವ ಮಸೆದ ಕತ್ತರಿ

ಊರಿಗಾಂ ಚಿನ್ನದ ಗಣಿಯ ಕಾರ್ಮಿಕರ ಸಾಲುಮನೆಗಳ ಲೈನಿನ ಒಂದು ಮನೆಯಲ್ಲಿ ಕತ್ತರಿ ಮೊಂಡಾಗಿದೆ ಎಂಬ ಮಾತು ಕೋದಂಡಪ್ಪನ ಕಿವಿಗೆ ಬೀಳದಂತೆ ನೋಡಿಕೊಂಡಿದ್ದರೆ, ಗಂಗರತ್ನಮ್ಮ ಮುಂದಿನ ಎರಡು ತಿಂಗಳು ಬುಧವಾರ ಬುಧವಾರ ಉಪವಾಸ ಬೀಳುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಮಾತು ಎತ್ತಿದ್ದು ಅವಳೇ. ಅದೂ ಊಟದ ಹೊತ್ತಿನಲ್ಲಿ, ಮಾವ ಎರಡು ಮಾರು ದೂರದಲ್ಲಿ ಗೋಡೆಗೆ ಒರಗಿ ಕೂತಿರುವಾಗ.

ಗಂಡ ಸೀನಪ್ಪ ಮೊದಲ ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದು, ಸ್ನಾನ ಮಾಡಿ, ಮುದ್ದೆ ಮುರಿಯುತ್ತಿದ್ದ. ಗಂಗರತ್ನಮ್ಮ ಹುರುಳಿಕಾಳಿನ ಸಾರು ಬಿಡುತ್ತಾ ಹೇಳಿದಳು: "ನನ್ ಕತ್ತರಿ ಮೊಂಡಾಗೈತೆ. ಒಂದು ತೋಳು ಕತ್ತರಿಸಕ್ಕೆ ಎರಡು ಕೈಯಾಗೂ ಒತ್ತಬೇಕು. ಬಂಗಾರಪೇಟೆ ಸ್ಟೇಷನ್ ಮುಂದೆ ಬುಧವಾರ ಒಬ್ಬ ಸಾಣೆಯೋನು ಕೂತ್ಕೋತಾನಂತೆ. ಒಂದ್ಸಾರಿ ಓಗಿ ಬನ್ನಿ."

ಸೀನಪ್ಪ ಬಾಯಿ ತೆರೆಯುವ ಮೊದಲೇ ಗೋಡೆಯ ಕಡೆಯಿಂದ ಗುಡುಗು ಬಂತು.

"ಸಾಣೆಯೋನಾ? ನಾನಿನ್ನೂ ಬದುಕಿದೀನಿ ಕಣಮ್ಮಾ!"

ಕೋದಂಡಪ್ಪ ಗಣಿಯ ಕಮ್ಮಾರಶಾಲೆಯಲ್ಲಿ ಮೂವತ್ತೆರಡು ವರ್ಷ ದುಡಿದವನು. ಬಂಡೆ ಕೊರೆಯುವ ಉಕ್ಕಿನ ಸಲಾಕೆಗಳು ಮೊಂಡಾಗಿ ಪಾತಾಳದಿಂದ ಮೇಲೆ ಬಂದರೆ, ಅವುಗಳನ್ನು ಕಾಯಿಸಿ, ಬಡಿದು, ಹದಕ್ಕೆ ನೀರಿಗದ್ದಿ, ಮೊನೆ ಕೂರು ಮಾಡಿ ಮತ್ತೆ ಕೆಳಗೆ ಕಳಿಸುವುದು ಅವನ ಕೆಲಸ. ಯುಗಾದಿಗೆ ಸರಿಯಾಗಿ ನಿವೃತ್ತಿ ಆಯಿತು. ಕೊಟ್ಟ ಹಾರ ಒಣಗುವ ತನಕ ಚೆನ್ನಾಗಿಯೇ ಇದ್ದ. ಆಮೇಲೆ ಜಗಲಿಯ ಮೇಲೆ ಕೂತು ಗಣಿಯ ದೊಡ್ಡ ಚಕ್ರ ತಿರುಗುವುದನ್ನು ನೋಡುತ್ತಾ ಮಾತು ಕಡಿಮೆ ಮಾಡಿದ, ಊಟ ಕಡಿಮೆ ಮಾಡಿದ. ಎರಡು ಮುದ್ದೆ ನುಂಗುತ್ತಿದ್ದ ಮನುಷ್ಯ ಅರ್ಧಕ್ಕೆ ಇಳಿದ. ಅವನ ಹೆಂಡತಿ ಕದಿರಮ್ಮ ದಿನವೂ ಉಳಿದ ಅರ್ಧವನ್ನು ಎತ್ತಿಕೊಂಡು ಹೋಗಿ ಒಲೆಯ ಹಿಂದೆ ನಿಂತು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಮೂವತ್ತೆರಡು ವರ್ಷ ಬಂಡೆ ಸೀಳೋ ಉಕ್ಕಿಗೆ ಮೊನೆ ಇಟ್ಟೋನು ನಾನು," ಎಂದ ಕೋದಂಡಪ್ಪ. "ನನ್ ಮನೆ ಕತ್ತರಿ ದುಡ್ಡು ಕೊಟ್ಟು ಬೀದಿಯೋನ ಅತ್ರ ಮಸೆಸೋದಾ? ಲೇ ಸೀನ, ನೀನೇನಂತೀಯ?"

ಸೀನಪ್ಪ ಮುದ್ದೆಯ ತುತ್ತನ್ನು ಬೇಕೆಂದೇ ದೊಡ್ಡದು ಮಾಡಿ ಬಾಯಿಗೆ ಹಾಕಿಕೊಂಡ. ತುಂಬಿದ ಬಾಯಲ್ಲಿ ಉತ್ತರ ಹೇಳಲಾಗದು ಎಂಬುದು ಅವನು ಮದುವೆಯಾದ ಮೂರು ವರ್ಷದಲ್ಲಿ ಕಲಿತ ದೊಡ್ಡ ವಿದ್ಯೆ.

"ಅಲ್ಲ ಮಾವ, ಅದು ನಮ್ಮಪ್ಪನ ಕತ್ತರಿ, ಒಸಿ ಸೂಕ್ಷ್ಮ..." ಎಂದಳು ಗಂಗರತ್ನಮ್ಮ. ಅವಳ ತಂದೆ ಕ್ಯಾಸಂಬಳ್ಳಿಯಲ್ಲಿ ದರ್ಜಿ. ಮದುವೆಯಲ್ಲಿ ಹಳೆಯ ಹೊಲಿಗೆ ಮಿಷನ್ನಿನ ಜೊತೆ ತನ್ನ ಕೈಯ ಕತ್ತರಿಯನ್ನೇ ಮಗಳಿಗೆ ಕೊಟ್ಟಿದ್ದ.

"ಸೂಕ್ಷ್ಮ ನಂಗೆ ಏಳ್ಕೊಡಬೇಡ. ತಾ ಇಲ್ಲಿ."

ಮರುದಿನ ಸೋಮವಾರ ಬೆಳಿಗ್ಗೆ ಜಗಲಿಯ ಮೇಲೆ ಕಾರ್ಖಾನೆ ತೆರೆಯಿತು. ಅರ, ಎಮರಿ ಕಲ್ಲಿನ ತುಂಡು, ಹರಳೆಣ್ಣೆ, ಸುತ್ತಿಗೆ, ಒಂದು ಚೆಂಬು ನೀರು. ಲೈನಿನ ಜನವೆಲ್ಲ ಬಂದು ನಿಂತು ಸಲಹೆ ಕೊಟ್ಟರು. ಪಕ್ಕದ ಮನೆಯ ಮಾರಿಯಮ್ಮ, "ಅಣ್ಣಾ, ಗಾಜಿನ ಸೀಸೆ ಕತ್ತು ಕತ್ತರಿಸಿದಂಗೆ ನಾಲ್ಕು ಸಾರಿ ಮಾಡಿ, ಸರಿ ಓಯ್ತದೆ. ನಮ್ಮ ಅಮ್ಮ ಅಂಗೇ ಮಾಡ್ತಿದ್ಲು," ಎಂದಳು. ಇನ್ನೊಬ್ಬಳು ಉಪ್ಪುಕಾಗದ ಕತ್ತರಿಸಿ ಅಂದಳು. ಕದಿರಮ್ಮ ಪಿಂಗಾಣಿ ಬಟ್ಟಲಿನ ತಳಕ್ಕೆ ತಿಕ್ಕಿದರೆ ಸಾಕು ಅಂದಳು. ಕೋದಂಡಪ್ಪ ಎಲ್ಲರನ್ನೂ ಒಂದೇ ನೋಟದಲ್ಲಿ ಸುಮ್ಮನಾಗಿಸಿದ.

"ಮೊನೆ ಅಂದ್ರೆ ಒಳಗೂ ತೀಡಬೇಕು, ಒರಗೂ ತೀಡಬೇಕು. ಒಂದು ಕಡೆ ತೀಡಿದ್ರೆ ಅದು ಕಾಟಾಚಾರ."

ಸಲಾಕೆಯ ಮೊನೆಗೆ ಆ ಮಾತು ಸರಿ. ಅವನು ಸಂಜೆಯ ತನಕ ತೀಡಿದ. ಅಲಗುಗಳ ಒಳಮೈಯನ್ನು ಎಷ್ಟು ನುಣುಪು ಮಾಡಿದನೆಂದರೆ ಮಾರಿಯಮ್ಮ ಅದರಲ್ಲಿ ತನ್ನ ಮೂಗುತಿ ನೋಡಿಕೊಂಡಳು. ಕೊನೆಗೆ ನಡುವಿನ ಮೊಳೆಗೆ ಸುತ್ತಿಗೆಯಿಂದ ಎರಡು ಏಟು ಹಾಕಿ ಬಿಗಿ ಮಾಡಿ, ಹೆಬ್ಬೆರಳನ್ನು ಅಂಚಿನ ಮೇಲೆ ಎಳೆದ. ರಕ್ತ ಚಿಮ್ಮಿತು. ಆ ಹೆಬ್ಬೆರಳನ್ನು ಮೇಲಕ್ಕೆ ಹಿಡಿದು ಲೈನಿಗೆಲ್ಲ ತೋರಿಸಿದ.

ಆ ರಾತ್ರಿ ಕೋದಂಡಪ್ಪ ಎರಡು ಮುದ್ದೆ ತಿಂದ. ಇನ್ನೊಂದರಲ್ಲಿ ಸ್ವಲ್ಪ ಮುರಿದು ಹಾಕು ಎಂದ. ಕದಿರಮ್ಮ ತನ್ನ ಪಾಲಿನ ಮುದ್ದೆಯನ್ನೇ ಮುರಿದು ಬಡಿಸಿದಳು.

ಮಂಗಳವಾರ ಗಂಗರತ್ನಮ್ಮ ಬಟ್ಟೆ ಹಾಸಿ ಕತ್ತರಿ ಇಟ್ಟಳು. ಮೊದಲು ಅದು ಕಷ್ಟಪಟ್ಟಾದರೂ ಕತ್ತರಿಸುತ್ತಿತ್ತು. ಈಗ ಬಟ್ಟೆಯನ್ನು ಎರಡು ಅಲಗುಗಳ ನಡುವೆ ಮಡಿಸಿಕೊಂಡು ಅಗಿಯುತ್ತಾ ಕೂತಿತು. ಬೆರಳನ್ನು ಕುಯ್ಯುವ ಕತ್ತರಿ ಬಟ್ಟೆಯನ್ನು ಮಾತ್ರ ಕುಯ್ಯಲೊಲ್ಲದು. ಅವಳಿಗೆ ಅಳು ಬಂತು. ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ಕತ್ತರಿ ಮತ್ತು ಅಗಿದ ಬಟ್ಟೆ ಎರಡನ್ನೂ ಇಟ್ಟಳು.

"ಅತ್ತೆ, ನೋಡಿ. ಇರೋದನ್ನೂ ಕಳೆದ್ರು. ನಾ ಏಳೇ ಬಿಡ್ತೀನಿ."

ಕದಿರಮ್ಮ ಸೊಸೆಯ ಬಾಯಿಗೆ ರಾಗಿಹಿಟ್ಟಿನ ಕೈಯನ್ನೇ ಅಡ್ಡ ಹಿಡಿದಳು. "ಏಳ್ಬೇಡ ನನ್ನವ್ವ! ನಿನ್ನೆ ಎಷ್ಟು ತಿಂದ್ರು ನೋಡಿದ್ಯಾ? ಇವತ್ತು ಬೆಳಿಗ್ಗೆ ಅಂಗಿ ಆಕ್ಕೊಂಡು ಬೀದಿಗೆ ಓದ್ರು. ಎರಡು ತಿಂಗಳಾಗಿತ್ತು ಅಂಗಿ ಆಕಿ. ನಾಳೆ ಬುಧವಾರ, ನೀನೇ ಬಂಗಾರಪೇಟೆಗೆ ಓಗಿ ಗುಟ್ಟಾಗಿ ಸಾಣೆ ಇಡಿಸ್ಕೊಂಡು ಬಂದ್ಬಿಡು."

"ಎಲ್ಲಿಗೆ ಅಂತ ಕೇಳಿದ್ರೆ?"

ಕದಿರಮ್ಮ ಸೂರು ನೋಡಿದಳು. "ಮಗು ಆಗ್ಲಿ ಅಂತ ಅರಕೆ. ಬಂಗಾರಪೇಟೆ ಆಂಜನೇಯಸ್ವಾಮಿಗೆ."

"ಆಂಜನೇಯನಿಗೆ ಶನಿವಾರ ಅಲ್ವಾ ಅತ್ತೆ?"

"ಶನಿವಾರ ಜನ ಜಾಸ್ತಿ, ಸ್ವಾಮಿಗೆ ಪುರುಸೊತ್ತಿರಲ್ಲ ಅಂತ ಏಳು."

ಸೊಸೆಯ ಹರಕೆಯ ವಿಷಯ ಕೇಳಿ ಕೋದಂಡಪ್ಪನ ಕಣ್ಣು ಒದ್ದೆಯಾಯಿತು. ಅದನ್ನು ನೋಡಿ ಗಂಗರತ್ನಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. "ಅರಕೆ ಅಂದ್ಮೇಲೆ ಉಪವಾಸ ಇರಬೇಕು. ಸಂಜೆತಂಕ ನೀರು ಬಿಟ್ಟು ಏನೂ ಮುಟ್ಟಬೇಡಮ್ಮ," ಎಂದು ಮಾವ ಕಟ್ಟಳೆ ಮಾಡಿದ. ಸುಳ್ಳು ಹೇಳಿದ್ದು ಅತ್ತೆ, ಹಸಿವು ಸೊಸೆಗೆ.

ಸಾಣೆಯವನ ಹೆಸರು ಚಿಕ್ಕಮುನಿಯಪ್ಪ. ಸ್ಟೇಷನ್ನಿನ ಮುಂದಿನ ಹುಣಸೆಮರದ ಕೆಳಗೆ ಕಾಲಿನಲ್ಲಿ ತುಳಿಯುವ ಚಕ್ರ ಹೂಡಿ ಕೂರುತ್ತಿದ್ದ. ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡಿದವನೇ ಹಣೆ ಹಣೆ ಬಡಿದುಕೊಂಡ.

"ಯಾರಕ್ಕಾ ಇದ್ನ ಇಂಗ್ ಮಾಡಿದ್ದು? ಒಳಗಡೆ ಎಲ್ಲಾ ಸಪಾಟು ಮಾಡವ್ರಲ್ಲ!"

"ನಮ್ ಲೈನಾಗೆ ಒಬ್ರು ದೊಡ್ಡೋರು," ಎಂದಷ್ಟೇ ಹೇಳಿದಳು ಗಂಗರತ್ನಮ್ಮ.

ಅವನು ಒಂದು ಗಂಟೆ ಹೆಣಗಿ ಸರಿಮಾಡಿ ಕೊಟ್ಟ. ಮರುದಿನ ಕೋದಂಡಪ್ಪ ತಾನೇ ಬಂದು ಬಟ್ಟೆಯ ಚೂರೊಂದನ್ನು ಕತ್ತರಿಸಿ ನೋಡಿದ. ಕತ್ತರಿ ನೀರಿನಂತೆ ಹರಿಯಿತು.

"ಕಂಡ್ಯಾ? ಮಂಗಳವಾರ ನೀ ಮುಖ ಸಣ್ಣಗೆ ಮಾಡ್ಕೊಂಡಿದ್ದೆ. ಮಸೆದ ಉಕ್ಕು ಎರಡು ದಿನ ನೆನೀಬೇಕು ಕಣಮ್ಮಾ. ಅದರ ಪಾಡಿಗೆ ಅದು ಕೂರು ಏರ್ತದೆ."

ಗಂಗರತ್ನಮ್ಮ "ಊಂ ಮಾವ" ಎಂದಳು. ಆ ಒಂದು ಊಂ ಅವಳಿಗೆ ಬಹಳ ದುಬಾರಿ ಬಿತ್ತು.

ಯಾಕೆಂದರೆ ಕೋದಂಡಪ್ಪ ಸಂಜೆಯ ಹೊತ್ತಿಗೆ ಆ ಕತ್ತರಿಯನ್ನು ಲೈನಿನ ಎಲ್ಲಾ ಮನೆಗಳಿಗೂ ತೋರಿಸಿಕೊಂಡು ಬಂದ. ಮುಂದಿನ ಸೋಮವಾರ ಮಾರಿಯಮ್ಮ ತನ್ನ ಕತ್ತರಿ ತಂದಳು. ಅದರ ಮುಂದಿನ ಸೋಮವಾರ ಮೂರು ಮನೆಯವರು ತಂದರು. ಕೋದಂಡಪ್ಪ ಯಾರಿಂದಲೂ ಬಿಡಿಗಾಸು ಮುಟ್ಟಲಿಲ್ಲ. "ವಿದ್ಯೆ ಮಾರಬಾರದು. ಎರಡು ದಿನ ಬಿಟ್ಟು ಗುರುವಾರ ಬನ್ನಿ, ನೆನೆದಿರ್ತದೆ," ಎನ್ನುತ್ತಿದ್ದ. ನೆನೆಯುವ ಉಕ್ಕನ್ನು ಗುರುವಾರದ ತನಕ ಅವನೂ ಮುಟ್ಟುತ್ತಿರಲಿಲ್ಲ; ಒಳಗೆ ತೆಗೆದಿಡುವ ನೆಪದಲ್ಲಿ ಮಂಗಳವಾರ ರಾತ್ರಿ ಕದಿರಮ್ಮ ಅವನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದಳು. ಬುಧವಾರ ಗಂಗರತ್ನಮ್ಮ ತೆಂಗಿನಕಾಯಿಯೊಂದನ್ನು ಮೇಲಿಟ್ಟುಕೊಂಡು ಖಾಲಿ ಹೊಟ್ಟೆಯಲ್ಲಿ ರೈಲು ಹತ್ತುತ್ತಿದ್ದಳು. ಅವಳು ಹೊಲಿದು ಸಂಪಾದಿಸಿದ್ದು ಚಿಕ್ಕಮುನಿಯಪ್ಪನ ಚಕ್ರಕ್ಕೆ ಹೋಗುತ್ತಿತ್ತು. ಸಾಲದೆ ಬಂದಾಗ ಅತ್ತೆ ಕೋಳಿಮೊಟ್ಟೆ ಮಾರುತ್ತಿದ್ದಳು.

ಒಂದೇ ಒಂದು ಸಲ ಗುಟ್ಟು ಒಡೆಯುವಂತಾಗಿತ್ತು. ಲೈನಿನ ಕ್ಷೌರಿಕ ಮುನಿಸ್ವಾಮಪ್ಪ ಅವಸರದ ಮನುಷ್ಯ. ಕೊಟ್ಟ ಕತ್ತರಿಯನ್ನು ಮಂಗಳವಾರವೇ ಜಗಲಿಯಿಂದ ಎತ್ತಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಅವನ ಅಂಗಡಿಯಿಂದ ಗಿರಾಕಿಯೊಬ್ಬ ಅಮ್ಮಾ ಅಪ್ಪಾ ಎಂದು ಕೂಗಿಕೊಂಡದ್ದು ಇಡೀ ಲೈನಿಗೆ ಕೇಳಿಸಿತು. ಕತ್ತರಿ ಕೂದಲನ್ನು ಕತ್ತರಿಸದೆ ಕಚ್ಚಿ ಹಿಡಿದಿತ್ತು. ಗಂಗರತ್ನಮ್ಮ ಇವತ್ತಿಗೆ ಮುಗಿಯಿತು ಎಂದುಕೊಂಡು ಬಾಗಿಲ ಸಂದಿಯಲ್ಲಿ ನಿಂತಳು. ಮುನಿಸ್ವಾಮಪ್ಪ ಕತ್ತರಿ ಹಿಡಿದು ಓಡಿ ಬಂದ.

"ಎರಡು ದಿನ ನೆನೀಬೇಕು ಅಂತ ಬಡ್ಕೊಂಡ್ನಲ್ಲೋ!" ಎಂದು ಕೋದಂಡಪ್ಪನೇ ಮೊದಲು ಗುಡುಗಿದ. "ಅಸಿ ಉಕ್ಕು ತಗೊಂಡೋಗಿ ತಲೆಗಿಟ್ರೆ ಇನ್ನೇನಾಯ್ತದೆ?"

"ತಪ್ಪಾಯ್ತು ಮಾವ," ಎಂದು ಮುನಿಸ್ವಾಮಪ್ಪ ಕೆನ್ನೆ ಬಡಿದುಕೊಂಡು ಕತ್ತರಿಯನ್ನು ಮತ್ತೆ ಜಗಲಿಯ ಮೇಲಿಟ್ಟು ಹೋದ.

ಹೀಗೆ ಮಾವ ಮುದ್ದೆಯ ಮೇಲೆ ಮುದ್ದೆ ಏರಿಸುತ್ತಾ ಗುಂಡುಗುಂಡಗೆ ಆದ. ಸೊಸೆ ತೆಳ್ಳಗಾದಳು. ಬಸಿರಿನ ಲಕ್ಷಣ ಇರಬೇಕು ಎಂದು ಲೈನಿನ ಹೆಂಗಸರು ಗುಸುಗುಸು ಮಾಡಿಕೊಂಡರು. ಒಂದು ದಿನ ತಡೆಯಲಾರದೆ ಅವಳು ಗಂಡನ ಮೇಲೆ ಎಗರಿದಳು.

"ನಿಮ್ಮಪ್ಪನಿಗೆ ನೀವಾದ್ರೂ ಏಳಬಾರದಾ?"

"ನಾ ದಿನಾ ಭೂಮಿ ಒಳಕ್ಕೆ ಇಳಿದು ಬರ್ತೀನಿ ಕಣೇ," ಎಂದ ಸೀನಪ್ಪ. "ಅಲ್ಲಿ ಬಂಡೆ ಬೀಳೋದಕ್ಕೆ ಎದರಲ್ಲ. ಇದಕ್ಕೆ ಎದರ್ತೀನಿ."

ಆರನೇ ಬುಧವಾರ ಚಿಕ್ಕಮುನಿಯಪ್ಪ ಗಂಗರತ್ನಮ್ಮನ ಕತ್ತರಿಯನ್ನು ಬೇರೆಯಾಗಿ ಎತ್ತಿಟ್ಟ. ಕೋದಂಡಪ್ಪ ಪ್ರೀತಿಯಿಂದ ಅದನ್ನು ನಾಲ್ಕು ಸಾರಿ ಮಸೆದಿದ್ದ. "ಅಕ್ಕಾ, ಬೇರೆಯೋರದ್ದು ಎಂಗಾನಾ ಆಗ್ಲಿ. ಇದರಾಗೆ ಉಕ್ಕು ತೆಳ್ಳಗಾಗೋಯ್ತು. ಇನ್ನೊಂದ್ಸಾರಿ ಆ ಕೈ ಬಿದ್ರೆ ನಾನೂ ಕೈ ಚೆಲ್ಬೇಕು."

ಅದೇ ವಾರ ಆಂಡರ್ಸನ್‌ಪೇಟೆಯ ಜವಳಿ ಅಂಗಡಿಯ ಯಜಮಾನಿ ಅನಸೂಯಮ್ಮ ಮನೆ ಹುಡುಕಿಕೊಂಡು ಬಂದಳು. ಮಗಳ ಮದುವೆ. ಹನ್ನೆರಡು ರೇಷ್ಮೆ ರವಿಕೆ. ಗಂಡಸರ ಕೈಗೆ ಅಳತೆ ಕೊಡಲು ಹುಡುಗಿ ಒಪ್ಪುವುದಿಲ್ಲವಂತೆ. "ಚೆನ್ನಾಗಿ ಒಲಿದ್ರೆ ನಮ್ ಪೇಟೆ ಎಂಗಸರನ್ನೆಲ್ಲಾ ನಿನ್ನ ಅತ್ರಾನೇ ಕಳಿಸ್ತೀನಿ. ಒಂದು ಪೀಸು ಕೆಟ್ರೂ ಅಷ್ಟೇ, ಪೇಟೆಗೆಲ್ಲಾ ಏಳ್ತೀನಿ," ಎಂದು ಹೇಳಿ ರೇಷ್ಮೆ ರವಿಕೆ ಕಣಗಳ ಗಂಟು ಇಟ್ಟುಹೋದಳು. ಅವಳು ಎರಡನ್ನೂ ಮಾಡುವ ಹೆಂಗಸೇ. ಗಂಗರತ್ನಮ್ಮ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದಳು. ಮೂರು ವರ್ಷದಿಂದ ಹರಿದ ಚಡ್ಡಿಗೆ ತೇಪೆ ಹಾಕಿಸಿಕೊಳ್ಳುವವರನ್ನೇ ಕಂಡಿದ್ದ ಅವಳಿಗೆ ಎದೆ ತುಂಬಿ ಬಂದಿತ್ತು.

ಅಳತೆ ತೆಗೆದು, ಮಾದರಿಗೆಂದು ಹಳೆಯ ಬಟ್ಟೆಯಲ್ಲಿ ಒಂದನ್ನು ಹೊಲಿದು ಹುಡುಗಿಗೆ ತೊಡಿಸಿ ನೋಡುವುದರಲ್ಲಿ ವಾರ ಕಳೆಯಿತು. ರೇಷ್ಮೆಗೆ ಕತ್ತರಿ ಹಾಕುವ ತನಕ ಕತ್ತರಿಯನ್ನು ಮಾವನ ಕಣ್ಣಿಗೆ ಬೀಳದಂತೆ ರಾಗಿಹಿಟ್ಟಿನ ಡಬ್ಬದ ಒಳಗೆ ಹೂತಿಟ್ಟಳು. ಆ ಗುಟ್ಟನ್ನು ಅತ್ತೆಗೆ ಹೇಳಲು ಮಾತ್ರ ಮರೆತಳು.

ಸೋಮವಾರ ಅವಳು ನಲ್ಲಿಯ ಸಾಲಿನಲ್ಲಿ ಕೊಡ ಇಟ್ಟು ನಿಂತಿದ್ದಾಗ ಕದಿರಮ್ಮ ಮುದ್ದೆಗೆಂದು ಡಬ್ಬಕ್ಕೆ ಕೈ ಹಾಕಿದಳು. ಹಿಟ್ಟಿನ ಜೊತೆ ಕತ್ತರಿ ಎದ್ದು ಬಂತು. ಎದುರಿಗೆ ಕೂತಿದ್ದ ಕೋದಂಡಪ್ಪ ಅದನ್ನು ಕಂಡು ಕರಗಿಹೋದ.

"ತುಕ್ಕು ಇಡೀಬಾರದು ಅಂತ ರಾಗಿ ಇಟ್ಟಾಗೆ ಮಡಗವ್ಳೆ. ಎಂಥಾ ಜೋಪಾನ ನೋಡು! ಮದುವೆ ಒಲಿಗೆ ಬೇರೆ ಬಂದೈತೆ. ಇದ್ನ ನಾ ಇವತ್ತು ವಿಶೇಷವಾಗಿ ಮಸೀತೀನಿ."

"ಬ್ಯಾಡ ಕಣ್ರೀ, ಅವಳು ಬರ್ಲಿ," ಎಂದು ಕದಿರಮ್ಮ ಅಡ್ಡ ನಿಂತಳು.

"ಅವಳೇನು ಬೇಡ ಅಂತಾಳಾ? ಬಿಡು ಅತ್ಲಾಗೆ."

ಗಂಗರತ್ನಮ್ಮ ನೀರು ಹೊತ್ತು ಬಂದಾಗ ವಿಶೇಷ ಮಸೆತ ಮುಗಿದಿತ್ತು. ಜಗಲಿಯ ಮೇಲೆ ಅವಳ ಕತ್ತರಿ ಸೂರ್ಯನ ಬೆಳಕಿಗೆ ಥಳಥಳಿಸುತ್ತಿತ್ತು. ಅವಳು ಕೊಡವನ್ನು ಇಳಿಸಿದ ರಭಸಕ್ಕೆ ಅರ್ಧ ನೀರು ಚೆಲ್ಲಿತು. ಮಾವ ಅದನ್ನು ಸಂತೋಷ ಎಂದು ತಿಳಿದ.

ಬುಧವಾರ ಬೆಳಿಗ್ಗೆ ಅವಳು ಹನ್ನೊಂದು ಕತ್ತರಿಯ ಚೀಲಕ್ಕೆ ತೆಂಗಿನಕಾಯಿ ಹಾಕುತ್ತಿದ್ದರೆ, ಕೋದಂಡಪ್ಪ ಹಣೆಗೆ ನಾಮ ಎಳೆದುಕೊಂಡು, ಒಗೆದ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದ.

"ನಾನೂ ಬತ್ತೀನಿ ಕಣಮ್ಮಾ. ಏಳು ವಾರ ನೀನೊಬ್ಳೇ ಬೇಡ್ಕೊಂಡಿದೀಯ. ಮೊಮ್ಮಗು ನನಗೂ ಬೇಕಲ್ಲ, ನಾನೂ ಒಂದ್ ಮಾತು ಸ್ವಾಮಿ ಕಿವಿಗೆ ಆಕ್ತೀನಿ. ಆ ಚೀಲ ಕೊಡಿಲ್ಲಿ, ನೀ ಉಪವಾಸ."

ಕದಿರಮ್ಮ ಅಡ್ಡಿ ಹೇಳಲು ಬಾಯಿ ತೆರೆದು ಹಾಗೆಯೇ ಮುಚ್ಚಿದಳು. ಸೀನಪ್ಪ ಆಗಲೇ ಪಾಳಿಗೆ ಓಡಿಹೋಗಿದ್ದ.

ರೈಲಿನಲ್ಲಿ ಕೋದಂಡಪ್ಪ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಬೋಗಿ ಅಲುಗಿದಾಗಲೆಲ್ಲ ಒಳಗಿಂದ ಖಣಖಣ ಸದ್ದು ಬರುತ್ತಿತ್ತು. "ಆರತಿ ಸಾಮಾನು ಜಾಸ್ತಿ ತಂದಿದೀಯ," ಎಂದ. ಗಂಗರತ್ನಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಗುಡಿಗೆ ಹೋದರೆ ಮಾವನ ಮಾನ ಉಳಿಯುತ್ತದೆ, ಕತ್ತರಿ ಹೋಗುತ್ತದೆ. ಮುಂದಿನ ಬುಧವಾರದ ತನಕ ಅನಸೂಯಮ್ಮನ ಮಗಳ ಮುಹೂರ್ತ ಕಾಯುವುದಿಲ್ಲ. ಹುಣಸೆಮರಕ್ಕೆ ಹೋದರೆ ಮಾವ ಮತ್ತೆ ಆ ಗೋಡೆಗೆ ಒರಗಿ ಕೂರುತ್ತಾನೆ. ಆಮೇಲೆ ಅತ್ತೆಯ ಮುಖ ಹೇಗೆ ನೋಡುವುದು? ಬಂಗಾರಪೇಟೆ ಬಂದರೂ ಅವಳಿಗೆ ತೀರ್ಮಾನ ಸಿಕ್ಕಿರಲಿಲ್ಲ.

ಸ್ಟೇಷನ್ನಿನ ಹೊರಗೆ ಗುಡಿಯ ದಾರಿ ಎಡಕ್ಕೆ, ಹುಣಸೆಮರ ಬಲಕ್ಕೆ. ಅವಳು ನಿಂತಳು. ಮಡಿಲಲ್ಲಿ ಇಟ್ಟುಕೊಂಡಿದ್ದ ಆ ರೇಷ್ಮೆಯ ಗಂಟು ನೆನಪಾಯಿತು.

"ಮಾವ, ಈ ಕಡೆ ಬನ್ನಿ," ಎಂದು ಬಲಕ್ಕೆ ತಿರುಗಿದಳು.

ದೂರದಿಂದಲೇ ಚಿಕ್ಕಮುನಿಯಪ್ಪ ಕೂಗಿದ: "ಬನ್ನಿ ಅಕ್ಕಾ! ಈ ವಾರ ಎಷ್ಟು ಕೆಡಿಸವ್ರೆ ನಿಮ್ ಲೈನಿನ ಪುಣ್ಯಾತ್ಮರು? ಅವರ ಆಯಸ್ಸು ನೂರಾಗ್ಲಿ. ಅವರ ಕೈ ಆಡೋತನಕ ನನ್ ಮಕ್ಳು ಅನ್ನಕ್ಕೆ ಅಳಲ್ಲ."

ಕೋದಂಡಪ್ಪ ಚೀಲವನ್ನು ಕೆಳಗಿಟ್ಟ. ಅದರ ಬಾಯಿ ಅಗಲವಾಗಿ ತೆರೆದುಕೊಂಡಿತು. ತೆಂಗಿನಕಾಯಿ ಉರುಳಿ, ಅದರ ಹಿಂದೆ ಮಾರಿಯಮ್ಮನ ಕತ್ತರಿ, ಮುನಿಸ್ವಾಮಪ್ಪನ ಕತ್ತರಿ, ಅವನು ಮಸೆದ ಹನ್ನೊಂದೂ ಕಂಡವು. ಅವನ ಮುಖ ನೋಡಲಾರದೆ ಗಂಗರತ್ನಮ್ಮ ನೆಲ ನೋಡಿದಳು.

"ಏನು ಕೆಡಿಸವ್ನಪ್ಪಾ ಆ ಮನುಷ್ಯ?" ಎಂದು ಕೋದಂಡಪ್ಪ ಮೆಲ್ಲಗೆ ಕೇಳಿದ.

"ನೋಡಿ ದೊಡ್ಡೋರೆ." ಚಿಕ್ಕಮುನಿಯಪ್ಪ ತಾನು ಸರಿಮಾಡಿದ ಒಂದು ಕತ್ತರಿಯನ್ನು ಮುಚ್ಚಿ ಆಕಾಶಕ್ಕೆ ಹಿಡಿದ. "ನಡುವೆ ಕೂದಲೆಳೆ ಬೆಳಕು ಕಾಣ್ತದಾ? ಒಳಗಡೆ ಒಸಿ ಗುಳಿ ಇರಬೇಕು. ಎರಡು ಅಲಗೂ ಒಂದೇ ಕಡೆ ಮುಟ್ಬೇಕು, ಮುಚ್ತಾ ಮುಚ್ತಾ ಆ ಜಾಗ ಮುಂದಕ್ಕೆ ಓಗ್ಬೇಕು. ಈಯಪ್ಪ ಒಳಗೂ ತೀಡಿ ಸಪಾಟು ಮಾಡ್ತಾರೆ. ಸಲಾಕೆ ಒಂಟಿ, ಎರಡೂ ಕಡೆ ತೀಡಬೌದು. ಇದು ಜೋಡಿ ಅಲ್ವಾ?"

ಕೋದಂಡಪ್ಪ ಕತ್ತರಿಯನ್ನು ಇಸಿದುಕೊಂಡು ತಾನೂ ಆಕಾಶಕ್ಕೆ ಹಿಡಿದ. ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಮೂವತ್ತೆರಡು ವರ್ಷದ ಉಕ್ಕಿನ ಮನುಷ್ಯನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

ಚಿಕ್ಕಮುನಿಯಪ್ಪ ಗಂಗರತ್ನಮ್ಮನ ಕತ್ತರಿ ಕೈಗೆತ್ತಿಕೊಂಡು ತಲೆ ಅಲ್ಲಾಡಿಸಿದ. "ಇದು ಆಗಲ್ಲ ಅಕ್ಕಾ. ಅವತ್ತೇ ಏಳಿದ್ನಲ್ಲ. ಗುಳಿ ಬರಬೇಕಾದ್ರೆ ಸುಮಾರು ಹೊತ್ತು ಚಕ್ರಕ್ಕೆ ಕೊಡ್ಬೇಕು. ಇಷ್ಟು ತೆಳ್ಳಗಿರೋದು ಕಾದು ಮೆತ್ತಗಾಗ್ತದೆ."

"ಕಾಯದಂಗೆ ನಾ ನೋಡ್ಕೋತೀನಿ," ಎಂದ ಕೋದಂಡಪ್ಪ. ಪಂಚೆ ಎತ್ತಿ ಕಟ್ಟಿದ. "ನೀ ತುಳಿ. ನೀರು ನಾ ಬಿಡ್ತೀನಿ. ನಾ ನಿಲ್ಸು ಅಂದ ತಕ್ಷಣ ನಿಲ್ಸು."

ಚಿಕ್ಕಮುನಿಯಪ್ಪ ಅನುಮಾನದಿಂದಲೇ ತುಳಿದ. ಕಿಡಿ ಹಾರಿತು. ಕೋದಂಡಪ್ಪ ಚೆಂಬಿನಿಂದ ಹನಿಹನಿಯಾಗಿ ನೀರು ಬಿಡುತ್ತಾ ಅಲಗಿನ ಮೇಲೆ ಕಣ್ಣು ನೆಟ್ಟ. "ನಿಲ್ಸು! ಅಳದಿ ಬಣ್ಣ ತಿರುಗ್ತು. ನೀಲಿ ಬಂದ್ರೆ ಉಕ್ಕಿನ ಅದ ಓಯ್ತದೆ." ಅದ್ದಿದ, ಆರಿಸಿದ, ಮತ್ತೆ ತುಳಿ ಎಂದ. ಹೀಗೆ ಎರಡು ಗಂಟೆ. ಕೊನೆಗೆ ಚಿಕ್ಕಮುನಿಯಪ್ಪ ತನ್ನ ಹರಕು ಬಟ್ಟೆಯನ್ನು ಕತ್ತರಿಗೆ ಕೊಟ್ಟ. ಅದು ತುದಿಯ ತನಕ ನೆಟ್ಟಗೆ ಕತ್ತರಿಸಿತು.

"ದೊಡ್ಡೋರೆ, ಉಕ್ಕಿನ ಬಣ್ಣ ಇಷ್ಟು ತಿಳಿದೋರನ್ನ ನಾ ನೋಡಿಲ್ಲ. ಯಾರು ನೀವು?"

"ಆ ಪುಣ್ಯಾತ್ಮ ನಾನೇ ಕಣಪ್ಪ."

ಚಿಕ್ಕಮುನಿಯಪ್ಪನ ಕಾಲು ಚಕ್ರದಿಂದ ಜಾರಿತು. ಉಳಿದ ಹತ್ತನ್ನೂ ಸರಿಮಾಡಿ ಕೊಟ್ಟ ಅವನು ಯಾವುದಕ್ಕೂ ಕಾಸು ಮುಟ್ಟಲಿಲ್ಲ.

ಹಿಂತಿರುಗುವ ರೈಲು ಬರಲು ಹೊತ್ತಿತ್ತು. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಇಬ್ಬರೂ ಕೂತರು.

"ನಿಮ್ಮತ್ತೆಗೆ ಗೊತ್ತಾ?"

"ಗೊತ್ತು ಮಾವ."

"ಸೀನಂಗೆ?"

"ಗೊತ್ತು."

"ನಂಗೊಬ್ಬನಿಗೇ ಗೊತ್ತಿಲ್ಲ." ಬೆರಳಿಗೆ ಅಂಟಿದ್ದ ಉಕ್ಕಿನ ಪುಡಿಯನ್ನು ಪಂಚೆಗೆ ಒರೆಸಿದ. "ಅರಕೆ ಸುಳ್ಳಾ?"

"ಸುಳ್ಳು ಮಾವ."

"ಉಪವಾಸ?"

"ಅದು ನಿಜ." ಹೇಳುತ್ತಿದ್ದಂತೆ ಗಂಗರತ್ನಮ್ಮನಿಗೆ ಅಳು ಒತ್ತಿ ಬಂತು. "ನೀವು ಊಟ ಬಿಟ್ಟು ಕೂತಿದ್ರಲ್ಲ ಮಾವ. ಅತ್ತೆ ಅಳ್ತಿದ್ರು. ಮಸೆಯಕ್ಕೆ ಶುರುಮಾಡಿದ್ಮೇಲೆ ಉಣ್ಣಕ್ಕೆ ಶುರುಮಾಡಿದ್ರಿ. ಅದಕ್ಕೇ ಬಾಯಿ ಬಿಡ್ಲಿಲ್ಲ."

ಕೋದಂಡಪ್ಪ ಎದ್ದು ಹೋದ. ಅವಳು ಗಾಬರಿಯಾಗಿ ಎದ್ದು ನಿಂತಳು. ಅವನು ಹೋದದ್ದು ಕ್ಯಾಂಟೀನಿಗೆ. ಮುತ್ತುಗದ ಎಲೆಯಲ್ಲಿ ಆರು ಇಡ್ಲಿ ತಂದು ಅವಳ ಕೈಗಿಟ್ಟ. "ಎಂಟು ವಾರ ನನ್ ಸಲುವಾಗಿ ಅಸ್ಕೊಂಡಿದ್ದೆ ತಾಯಿ. ತಿನ್ನು," ಎಂದ. ಅವಳು ಅಳುತ್ತಾ ಐದು ತಿಂದಳು. ಒಂದನ್ನು ಮಾವನಿಗೆ ಬಲವಂತವಾಗಿ ತಿನ್ನಿಸಿದಳು.

ಗುರುವಾರ ಸಂಜೆ ಲೈನಿನವರು ಕತ್ತರಿ ತೆಗೆದುಕೊಂಡು ಹೋಗಲು ಬಂದರು. ಹೊಸದಾಗಿ ಮಸೆಯಲು ಇನ್ನೂ ಐದು ತಂದಿದ್ದರು. ಕೋದಂಡಪ್ಪ ಜಗಲಿಯ ಮೇಲೆ ಎದ್ದು ನಿಂತ.

"ಎಲ್ರೂ ಕೇಳ್ರಪ್ಪಾ. ನಂಗೆ ಕತ್ತರಿ ಮಸೆಯಕ್ಕೆ ಬರಲ್ಲ. ಇವನ್ನೆಲ್ಲಾ ಬಂಗಾರಪೇಟೆ ಸಾಣೆಯೋನು ಮಸೆದಿದ್ದು. ಇನ್ಮೇಲೆ ಅಲ್ಲಿಗೇ ಓಗಿ."

ಎಲ್ಲರೂ ನಕ್ಕರು. "ಅಣ್ಣನಿಗೆ ಬೇಜಾರು ಬಂದಿರಬೇಕು, ಪಾಪ, ಪುಕ್ಕಟೆ ಎಷ್ಟಂತ ಮಾಡ್ತಾರೆ," ಎಂದಳು ಮಾರಿಯಮ್ಮ. "ದುಡ್ಡು ಬೇಕಾದ್ರೆ ಬಾಯಿಬಿಟ್ಟು ಕೇಳಿ ಮಾವ, ಇಂಗೆಲ್ಲಾ ಸುತ್ತಿ ಬಳಸಿ ಯಾಕೆ?" ಎಂದು ಮುನಿಸ್ವಾಮಪ್ಪ ಜೇಬಿಗೆ ಕೈ ಹಾಕಿದ. ಎಷ್ಟು ಹೇಳಿದರೂ ಒಬ್ಬರೂ ನಂಬಲಿಲ್ಲ. ಕೋದಂಡಪ್ಪ ಬೆವತುಹೋದ. ಕೊನೆಗೆ ಒಳಗೆ ತಿರುಗಿ ಕೂಗಿದ.

"ಅಮ್ಮಾ ಗಂಗರತ್ನ! ನೀ ಬಂದು ಏಳಮ್ಮಾ ಇವ್ರಿಗೆ!"

ಅವಳು ಹೊಸ್ತಿಲಿಗೆ ಬಂದಳು. ಎರಡು ತಿಂಗಳಿಂದ ಗಂಟಲಲ್ಲಿ ಕೂತಿದ್ದ ಮಾತು. ಅತ್ತೆಯ ಕಡೆ ನೋಡಿದಳು. ಕದಿರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ನಮ್ಮಾವನಿಗೆ ಕತ್ತರಿ ಮಸೆಯಕ್ಕೆ ಬರಲ್ಲ," ಎಂದಳು, ಗಟ್ಟಿಯಾಗಿ.

ಲೈನಿನ ನಗು ನಿಂತಿತು. ಆಮೇಲೆ ಹೆಂಗಸರೆಲ್ಲ ಅವಳ ಮೇಲೆ ಮುಗಿಬಿದ್ದರು. "ಏನೇ ನಿಂಗೆ ಬಂದಿರೋ ಕೊಬ್ಬು! ನಿನ್ ಕತ್ತರಿಗೆ ರಕ್ತ ಸುರಿಸಿದ ಮಾವನ್ನ ಬೀದಿಯಾಗೆ ಇಂಗನ್ನೋದಾ?" ಎಂದಳು ಮಾರಿಯಮ್ಮ. "ಆಂಡರ್ಸನ್‌ಪೇಟೆ ಗಿರಾಕಿ ಬಂದ್ಮೇಲೆ ಕಣ್ಣು ನೆತ್ತಿಗೆ ಏರೈತೆ," ಎಂದಳು ಇನ್ನೊಬ್ಬಳು.

"ಯಾರೇ ಅದು ನನ್ ಸೊಸೇನ ಅನ್ನೋರು?" ಕೋದಂಡಪ್ಪನ ಗಂಟಲಿನಿಂದ ಕಮ್ಮಾರಶಾಲೆಯ ದಿನಗಳ ಧ್ವನಿ ಹೊರಟಿತು. "ನಿಜ ಏಳೋದು ಈ ಲೈನಾಗೆ ಇವಳೊಬ್ಳೇ! ನಿಮ್ ನಿಮ್ ಕತ್ತರಿ ತಗೊಂಡು ನಡೀರಿ. ಅವಳು ಕೆಲಸ ಮಾಡ್ಬೇಕು, ಮದುವೆ ಒಲಿಗೆ ಐತೆ!"

ಗೊಣಗುತ್ತಾ ಒಬ್ಬೊಬ್ಬರಾಗಿ ಹೊರಟುಹೋದರು.

ಒಳಗೆ ಗಂಗರತ್ನಮ್ಮ ಚಾಪೆಯ ಮೇಲೆ ಅನಸೂಯಮ್ಮನ ಮಗಳ ಮದುವೆಯ ಹಸಿರು ರೇಷ್ಮೆ ಹಾಸಿದಳು. ಕೋದಂಡಪ್ಪ ಹೇಳಿಸಿಕೊಳ್ಳದೆಯೇ ಎದುರಿಗೆ ಕೂತು ಅಂಚನ್ನು ಬಿಗಿಯಾಗಿ ಹಿಡಿದ. ಅವಳು ಉಸಿರು ಬಿಗಿ ಹಿಡಿದು ಕತ್ತರಿ ಇಟ್ಟಳು. ಒಂದು ನೂಲು ಎಳೆಯದೆ, ಎಳೆದ ಗುರುತಿನ ಮೇಲೆಯೇ ರೇಷ್ಮೆ ಎರಡಾಯಿತು. ಬಾಗಿಲಲ್ಲಿ ನಿಂತಿದ್ದ ಕದಿರಮ್ಮ ಮುದ್ದೆಗೆ ಎಸರಿಡಲು ಹೋದಳು.

ಎರಡು ರವಿಕೆ ಕತ್ತರಿಸಿ ಗಂಗರತ್ನಮ್ಮ ಕೈ ಕೊಡವಿಕೊಳ್ಳಲು ಕತ್ತರಿಯನ್ನು ಚಾಪೆಯ ಮೇಲಿಟ್ಟಳು. ಕೋದಂಡಪ್ಪ ಅದನ್ನೇ ನೋಡಿದ. ತಲೆ ಒಂದು ಕಡೆ ವಾಲಿಸಿ ನೋಡಿದ.

"ಚೆನ್ನಾಗೈತೆ. ಆದ್ರೆ ಆ ತುದಿಯಾಗೆ ಒಸಿ, ಒಂದೇ ಒಂದು ಏಟು ಅರ ಆಡಿಸಿದ್ರೆ..." ಎನ್ನುತ್ತಾ ಕೈ ಚಾಚಿದ.

"ಮುಟ್ಟಬ್ಯಾಡಿ ಮಾವ," ಎಂದಳು ಗಂಗರತ್ನಮ್ಮ.

ಕೈ ಅಲ್ಲೇ ನಿಂತಿತು. "ಮುಟ್ಟಲ್ಲ ಕಣಮ್ಮಾ," ಎಂದ ಕೋದಂಡಪ್ಪ, ಕೈಯನ್ನು ಹಿಂದಕ್ಕೆ ತೆಗೆದುಕೊಂಡು ತೊಡೆಯ ಕೆಳಗಿಟ್ಟುಕೊಳ್ಳುತ್ತಾ. "ನೋಡ್ತಿದ್ದೆ ಅಷ್ಟೆ."